ಜ್ವರದ ಮದ್ದು ಕೊಟ್ಟರೂ ಜ್ವರ ಮರಳುವುದೇಕೆ?

ಬದಿಯಡ್ಕದ ತಾಯಿಯೊಬ್ಬರ ಪ್ರಶ್ನೆ: ಎರಡು ವರ್ಷದ ಮಗಳಿಗೆ ಪ್ಯಾರಸಿಟಮಾಲ್ ಸಿರಪ್ ಕೊಟ್ಟರೆ ಒಂದು ಗಂಟೆಯೊಳಗೆ ಜ್ವರ ಇಳಿದು, ಐದನೆಯ ಗಂಟೆಗೆ ಮತ್ತೆ ಏರುತ್ತದೆ. ಮದ್ದು ಹಿಡಿಯುತ್ತಿಲ್ಲ ಎಂಬುದು ಅತ್ತೆಯವರ ಮಾತು. ಈ ಮದ್ದು ಮೈಯೊಳಗೆ ಮಾಡುವುದೇನೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಪೆರ್ಲದ ವಿಜ್ಞಾನ ಶಿಕ್ಷಕರು: ಇದೇ ಸಂಶಯ ನನ್ನನ್ನೂ ಎರಡು ಮಳೆಗಾಲ ಕಾಡಿದ್ದರಿಂದ ಕುಳಿತು ಓದಿದೆ. ರೋಗಾಣುಗಳನ್ನು ಎದುರಿಸುವ ಬಿಳಿ ರಕ್ತಕಣಗಳು ಹೊರಬಿಡುವ ವಸ್ತುಗಳಿಂದಾಗಿ ಮೈಯ ಬಿಸಿಯನ್ನು ಹತೋಟಿಯಲ್ಲಿಡುವ ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಆಗ ದೇಹವು 37 ಡಿಗ್ರಿ ಸೆಲ್ಸಿಯಸ್‌ನ ಬದಲು 39 ಡಿಗ್ರಿಯನ್ನೇ ತನಗೆ ತಕ್ಕ ಬಿಸಿಯೆಂದು ಹಿಡಿದು ಅಲ್ಲಿಗೆ ಏರಲು ಹೊರಡುತ್ತದೆ. ಹಣೆ ಕಾದಿದ್ದರೂ ಅಂಗಾಲು ತಣ್ಣಗಿದ್ದು ಮಗು ನಡುಗುವುದು ಇದಕ್ಕೇ. ಪ್ಯಾರಸಿಟಮಾಲ್ ಆ ಪ್ರೊಸ್ಟಗ್ಲಾಂಡಿನ್ ತಯಾರಿಯನ್ನು ತಗ್ಗಿಸುತ್ತದೆಯೇ ಹೊರತು ರೋಗಾಣುವಿನ ತಂಟೆಗೆ ಹೋಗುವುದಿಲ್ಲ. ಯಕೃತ್ತು ಮದ್ದನ್ನು ಕೆಲವು ಗಂಟೆಗಳಲ್ಲಿ ಕರಗಿಸಿ ಹೊರಹಾಕಿದ ಮೇಲೆ, ಸೋಂಕು ಇನ್ನೂ ಇದ್ದರೆ ಜ್ವರ ಮತ್ತೆ ಏರಬಹುದು. ಆಸ್ಪಿರಿನ್ ಹೀಗೆ ಪ್ರೊಸ್ಟಗ್ಲಾಂಡಿನನ್ನು ತಡೆಯುತ್ತದೆಂದು ಬ್ರಿಟಿಷ್ ಔಷಧ ವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಪ್ಯಾರಸಿಟಮಾಲ್ ಕೆಲಸ ಮಾಡುವ ಪೂರ್ಣ ಬಗೆಯ ಕುರಿತು ವಿಜ್ಞಾನಿಗಳ ಚರ್ಚೆ ಇಂದಿಗೂ ಮುಗಿದಿಲ್ಲವೆಂಬುದು ನನಗೆ ಸೋಜಿಗ ತಂದಿತು.

ಮಂಜೇಶ್ವರದ ತಾಯಿ: ಮದ್ದಿಗಿಂತ ಮೊದಲು ನಿಮ್ಮ ಚಮಚವನ್ನು ಪರೀಕ್ಷಿಸಿ. ನಮ್ಮ ಅಡುಗೆಮನೆಯ ಎರಡು ಚಮಚಗಳಲ್ಲಿ ನೀರು ತುಂಬಿ ಸಿರಿಂಜಿನಿಂದ ಎಳೆದು ನೋಡಿದಾಗ ಒಂದರಲ್ಲಿ 3 ಮಿ.ಲೀ., ಇನ್ನೊಂದರಲ್ಲಿ 7 ಮಿ.ಲೀ. ಇತ್ತು. ಇನ್ನೊಂದು ಸಂಗತಿ: ಮಂಗಳೂರಿನಿಂದ ತಂದ ಬಾಟಲಿಯಲ್ಲಿ 5 ಮಿ.ಲೀ.ಗೆ 250 ಮಿ.ಗ್ರಾಂ, ಊರಿನಲ್ಲಿ ಕೊಂಡದ್ದರಲ್ಲಿ 125. ಬಣ್ಣ, ವಾಸನೆ ಒಂದೇ! ಹನಿಯ ಮದ್ದಿನಲ್ಲಾದರೆ ಸಾಮಾನ್ಯವಾಗಿ ಒಂದೇ ಮಿ.ಲೀ.ಯಲ್ಲಿ 100 ಮಿ.ಗ್ರಾಂ ಇರುತ್ತದೆ. ಆದ್ದರಿಂದ ಇಷ್ಟು ಚಮಚವೆಂಬ ಲೆಕ್ಕ ಬಿಟ್ಟು, ತೂಕದ ಪ್ರತಿ ಕಿಲೋಗೆ 10ರಿಂದ 15 ಮಿ.ಗ್ರಾಂ ಎಂಬ ಲೆಕ್ಕವನ್ನು ವೈದ್ಯರೊಡನೆ ಖಚಿತಪಡಿಸಿಕೊಳ್ಳಿ. ಎರಡು ಸಲದ ನಡುವೆ ನಾಲ್ಕರಿಂದ ಆರು ಗಂಟೆಯ ಅಂತರವಿರಲಿ. ಜ್ವರ ಮರಳಿತೆಂದು ಬೇಗನೆ ಮತ್ತೊಂದು ಸಲ ಕೊಟ್ಟರೆ ಹೆಚ್ಚಾದ ಮದ್ದು ಯಕೃತ್ತಿಗೇ ಕೇಡು. ಕೆಲವು ಶೀತದ ಸಿರಪ್‌ಗಳಲ್ಲಿಯೂ ಪ್ಯಾರಸಿಟಮಾಲ್ ಇರುತ್ತದೆಂಬುದನ್ನು ಮರೆಯಬೇಡಿ.

ಮುಳ್ಳೇರಿಯದ ನಿವೃತ್ತ ದಾದಿ: ಎರಡೇ ಮಾತು. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಬೇಡ, ಡೆಂಗಿಯ ಶಂಕೆಯಿದ್ದರೆ ಐಬುಪ್ರೊಫೆನ್ ಕೂಡ ಬೇಡ. ಮೂರು ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೆ, ಅಥವಾ ದೊಡ್ಡ ಮಗುವೇ ಆದರೂ ಹಾಲು, ನೀರು ಬಿಟ್ಟು ಮಂಕಾಗಿ ಮಲಗಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆ. ಮಗಳ ತೂಕ 11 ಕಿಲೋ. ವೈದ್ಯರು 125ರ ಸಿರಪ್ಪಿನಲ್ಲಿ 5 ಮಿ.ಲೀ. ಬರೆದಿದ್ದರು. ನಮ್ಮ ಚಮಚವನ್ನು ಅಳೆದೆ. ಹಿಡಿದದ್ದು ಮೂರೂವರೆ ಮಿ.ಲೀ.