ಜ್ಯಾಮಿತಿ ಲೈಬ್ರರಿಯೊಳಗೆ ಭೂಗೋಳ ಎಷ್ಟರ ಮಟ್ಟಿಗೆ?

ಕುಂಬಳೆ_ಬಿಂದು:
ಬಿಂದು, ಗೆರೆ, ಬಹುಭುಜ ಅಂತ ಇದ್ದ ನಮ್ಮ ಸಣ್ಣ ಕೋಡ್ ಲೈಬ್ರರಿಗೆ ಈಗ ಬೇಡಿಕೆಗಳ ಸಾಲು: ಹ್ಯಾವರ್‌ಸೈನ್ ದೂರ (ಭೂಮಿಯನ್ನು ಗೋಳ ಅಂದುಕೊಂಡು ಅಳೆಯುವುದು), ಜಾಗದ ವಿಸ್ತೀರ್ಣ ಸೆಂಟ್ಸಿನಲ್ಲಿ (ಎಕರೆಯ ನೂರರಲ್ಲೊಂದು), ಯುಟಿಎಂ (ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಸಮತಲಕ್ಕೆ ಇಳಿಸುವ ಪದ್ಧತಿ), ಶೇಪ್‌ಫೈಲ್ (ನಕ್ಷೆಯ ದತ್ತಾಂಶದ ಫೈಲು) ಓದುವುದು. ಯಾವುದನ್ನು ಒಳಗೆ ಬಿಡುವುದು, ಯಾವುದನ್ನು ಬಾಗಿಲಲ್ಲೇ ನಿಲ್ಲಿಸುವುದು? ಕಾಸರಗೋಡಿನ ಬಿಂದುಗಳಿಗೆ ಡಿಗ್ರಿಯನ್ನೇ ಎಕ್ಸ್-ವೈ ಮಾಡಿ 111 ಕಿ.ಮೀ.ಯಿಂದ ಗುಣಿಸಿದರೂ ದೂರ ಹೆಚ್ಚುಕಮ್ಮಿ ಸರಿಯೇ ಬರುತ್ತದಲ್ಲ?

ಬದಿಯಡ್ಕದವ:
ಅದು ಕೋಡಿನ ಗುಣ ಅಲ್ಲ ಮಾರಾಯ್ರೆ, ಊರಿನ ಗುಣ. 12.5 ಡಿಗ್ರಿ ಅಕ್ಷಾಂಶದಲ್ಲಿ ಒಂದು ಡಿಗ್ರಿ ಅಂದರೆ ಉತ್ತರ-ದಕ್ಷಿಣ 110.6 ಕಿ.ಮೀ., ಪೂರ್ವ-ಪಶ್ಚಿಮ 108.7. ತಪ್ಪು ಕಣ್ಣಿಗೆ ಬೀಳುವುದಿಲ್ಲ. 60 ಡಿಗ್ರಿಗೆ ಹೋಗಿ ನೋಡಿ, ಪೂರ್ವ-ಪಶ್ಚಿಮ ಅರ್ಧಕ್ಕೆ ಇಳಿದಿರುತ್ತದೆ. ಬಿಂದುವಿನ ಸುತ್ತ ನೀವು ಎಳೆದ ಬಫರ್ ವೃತ್ತ ನೆಲದ ಮೇಲೆ ಮೊಟ್ಟೆಯಾಗಿರುತ್ತದೆ.

ನನ್ನ ಅಳತೆಗೋಲು ಇಷ್ಟೆ: ನಿರ್ದೇಶಾಂಕ ಮತ್ತು ದೀರ್ಘಗೋಳದ, ಅಂದರೆ ಧ್ರುವಗಳಲ್ಲಿ ಚಪ್ಪಟೆಯಾದ ಭೂಮಿಯ ಆಕಾರದ, ಎರಡು ಸಂಖ್ಯೆ (ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್84ಕ್ಕೆ ಸಮಭಾಜಕದ ತ್ರಿಜ್ಯ 6378137 ಮೀ., ಚಪ್ಪಟೆತನ 1/298.257223563) ಕೊಟ್ಟರೆ ಉತ್ತರ ಸಿಗುವುದಾದರೆ ಒಳಗೆ. ದೂರ, ದಿಕ್ಕು, ವಿಸ್ತೀರ್ಣ ಹಾಗೆ ಬರುತ್ತವೆ. ಹೊರಗಿನ ಫೈಲು ಬೇಕಾದರೆ ಹೊರಗೆ. ಡೇಟಮ್ (ನಿರ್ದೇಶಾಂಕಗಳ ಆಧಾರ ಚೌಕಟ್ಟು) ಬದಲಾವಣೆಗೆ ಹಲವು ಸಲ ತಿದ್ದುಪಡಿಗಳ ಗ್ರಿಡ್ ಫೈಲು ಬೇಕಾಗುತ್ತದೆ, ಅದನ್ನು ಆ ಕೆಲಸಕ್ಕೇ ಇರುವ ಪ್ರೋಜ್ ಲೈಬ್ರರಿಗೆ ಬಿಡಿ. ಶೇಪ್‌ಫೈಲ್ ಓದುವುದು ಜ್ಯಾಮಿತಿಯೇ ಅಲ್ಲ.

ಹ್ಯಾವರ್‌ಸೈನ್ ಹಾಕಿದರೆ ಹೆಸರಲ್ಲೇ 'ಗೋಳ' ಅಂತ ಇರಲಿ. 6371 ಕಿ.ಮೀ. ತ್ರಿಜ್ಯದಲ್ಲಿ ನಮ್ಮ ಕರಾವಳಿಯುದ್ದಕ್ಕೂ ಉತ್ತರಕ್ಕೆ 100 ಕಿ.ಮೀ. ಅಳೆದರೆ ಅರ್ಧ ಕಿ.ಮೀ. ಜಾಸ್ತಿ ತೋರಿಸುತ್ತದೆ. ದೀರ್ಘಗೋಳದ ದೂರಕ್ಕೆ ವಿನ್ಸೆಂಟಿಯ ಸೂತ್ರ ಬೇಡ, ಭೂಮಿಯ ಹೆಚ್ಚುಕಮ್ಮಿ ಎದುರುಬದುರು ಬಿಂದುಗಳಲ್ಲಿ ಉತ್ತರಕ್ಕೆ ಬಾರದೆ ಸುತ್ತುತ್ತಲೇ ಇರುತ್ತದೆ. ಕಾರ್ನಿಯ 2013ರ ವಿಧಾನ ಹಿಡಿಯಿರಿ.

ಹೊಸೂರು78:
ಯುಟಿಎಂ ಸೂತ್ರ ಇರಲಿ, ವಲಯವನ್ನು ಲೈಬ್ರರಿ ತಾನೇ ಆರಿಸುವುದು ಮಾತ್ರ ಬೇಡ. ಹೊಸೂರು 43ನೇ ವಲಯ, ಕೃಷ್ಣಗಿರಿ 44. ನಡುವೆ 78 ಡಿಗ್ರಿ ರೇಖಾಂಶದ ಗೆರೆ. ಬಿಂದುವಿಗೊಂದು ವಲಯ ಆರಿಸಿದರೆ ಗೆರೆಯ ಈಚೆಗೆ ಈಸ್ಟಿಂಗ್ (ವಲಯದೊಳಗಿನ ಪೂರ್ವದ ಅಳತೆ) ಸುಮಾರು 826 ಕಿ.ಮೀ., ಆಚೆಗೆ 174. ಎರಡೂ ಕಡೆ ಚಾಚಿಕೊಂಡ ಹೊಲದ ಬಹುಭುಜ 650 ಕಿ.ಮೀ. ಉದ್ದ ಆಗುತ್ತದೆ, ಎರರ್ ಒಂದೂ ಬರುವುದಿಲ್ಲ.

ಕುಂಬಳೆ_ಬಿಂದು:
ಸೆಂಟ್ಸು ಕೇಳಿದವರು ಆನ್‌ಲೈನ್ ನಕ್ಷೆಗಳ ವೆಬ್ ಮರ್ಕೇಟರ್‌ನಲ್ಲೇ ಸಾಕು ಅಂತಾರೆ.

ಬದಿಯಡ್ಕದವ:
ಇಲ್ಲಿ 100 ಸೆಂಟ್ಸು ಅದರಲ್ಲಿ 105.5 ಆಗುತ್ತದೆ. ಮಾರುವವರಿಗೆ ಇಷ್ಟವಾದೀತು. 43ನೇ ವಲಯದ ಯುಟಿಎಂನಲ್ಲಿ 99.92; ಕಾಸರಗೋಡು ಅದರ ನಡುಗೆರೆ 75 ಡಿಗ್ರಿಯ ಮೇಲೇ ಕೂತಿದೆ.

ಮಂಜೇಶ್ವರ_ಗೆರೆ:
ಒಂದು ತಕರಾರು. ದೂರ ಮಾತ್ರ ದೀರ್ಘಗೋಳದ ಮೇಲೆ, ಛೇದನ ಸಮತಲದಲ್ಲಿ ಅಂತ ಅರ್ಧಂಬರ್ಧ ಬೆರೆಸಿದರೆ, ಗೆರೆಯ ಮೇಲೇ ಇದೆ ಎಂದ ಬಿಂದುವಿಗೆ ದೂರ ಸೊನ್ನೆ ಬರುವುದಿಲ್ಲ. ಜಾವಾದ ಜ್ಯಾಮಿತಿ ಲೈಬ್ರರಿ ಜೆಟಿಎಸ್ ಸಮತಲ ಬಿಟ್ಟು ಕದಲಿಲ್ಲ. ಸಿ++ನ ಬೂಸ್ಟ್ ಜಿಯಾಮೆಟ್ರಿ ಸಮತಲ, ಗೋಳ, ದೀರ್ಘಗೋಳ ಮೂರನ್ನೂ ಬೇರೆ ಬೇರೆ ಟೈಪ್ ಮಾಡಿದೆ. ನೀವೂ ಟೈಪ್ ಬೇರೆ ಮಾಡಿ, ಬೆರೆಸಿದರೆ ಕಂಪೈಲೇ ಆಗಬಾರದು. ಟೆಸ್ಟಿಗೆ ರೇಖಾಂಶ-ಅಕ್ಷಾಂಶ (75, 12.5) ಅನ್ನು ತಿರುಗಿಸಿ ಕೊಡಿ: ಬಿಂದು ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರದ ಸಮುದ್ರಕ್ಕೆ ಬೀಳುತ್ತದೆ. 75 ಅಕ್ಷಾಂಶವೂ ಆಗಬಹುದಾದ್ದರಿಂದ ವ್ಯಾಪ್ತಿಯ ಪರೀಕ್ಷೆ (ಅಕ್ಷಾಂಶ 90ರ ಒಳಗಿದೆಯೇ ಎಂದು ನೋಡುವುದು) ಇದನ್ನು ಹಿಡಿಯುವುದಿಲ್ಲ.