ತಿಪ್ಪೇಸ್ವಾಮಿ, ನಾಯಕ, ಪಾಟೀಲ: ಒಂದೇ ಹೆಸರಿನವರನ್ನು ಸೂಚಿಯಲ್ಲಿ ಬೇರ್ಪಡಿಸುವುದು ಹೇಗೆ?

ಕೋಟೆ_ಸೂಚಿ (ಚಿತ್ರದುರ್ಗ)

ನಮಸ್ಕಾರ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಇತಿಹಾಸ, ಶಾಸನ, ಜಾನಪದದ ಮೇಲೆ ಬಂದಿರುವ ಪುಸ್ತಕ, ಬಿಡಿ ಲೇಖನ, ಪಿಎಚ್‌.ಡಿ. ಪ್ರಬಂಧಗಳಿಗೆ ಒಂದು ಹೆಸರು ಸೂಚಿ ಸಿದ್ಧವಾಗುತ್ತಿದೆ. ಬರೆದವರ ಜೊತೆಗೆ ಹಳೆಯ ದಾಖಲೆಗಳಲ್ಲಿ ಬರುವ ವ್ಯಕ್ತಿಗಳೂ ಅದರಲ್ಲಿ ಇರಬೇಕು. ತೊಡಕು ಒಂದೇ: ಒಂದೇ ಹೆಸರಿನವರು ವಿಪರೀತ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಣ್ಣ ಪುಟಕ್ಕೊಬ್ಬರು ಸಿಗುತ್ತಾರೆ. ನಾಯಕ, ಪಾಟೀಲ, ಗೌಡ, ಸ್ವಾಮಿ ಎಂದು ಕೊನೆಯಾಗುವ ಹೆಸರುಗಳಂತೂ ಕೇಳುವುದೇ ಬೇಡ.

ಎರಡು ನಮೂದುಗಳು ಒಬ್ಬರವೇ ಎಂದು ಯಾವ ಆಧಾರದಿಂದ ಹೇಳಬೇಕು? ಹೆಸರಿನ ಯಾವ ಭಾಗವನ್ನು ಅಕಾರಾದಿಗೆ ಹಿಡಿಯಬೇಕು? ಸಂಶೋಧಕರನ್ನು ಗುರುತಿಸುವ ಆರ್ಕಿಡ್ (ORCID) ಥರದ ಸಂಖ್ಯೆ ತೀರಿಕೊಂಡ ಲೇಖಕರಿಗೂ ಸಿಗುತ್ತದೆಯೇ? ಮಾಹಿತಿ ಎಕ್ಸೆಲ್‌ನಲ್ಲಿದೆ, ಒಂದಷ್ಟು ಭಾಗ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿದೆ.

ಗ್ರಂಥಪಾಲ_ದಾವಣಗೆರೆ

ಸರ್, ಮೊದಲು ಒಂದು ನಿಯಮ ಹಾಕಿಕೊಳ್ಳಿ: ಅನುಮಾನ ಇದ್ದರೆ ಬೇರೆ ಬೇರೆ ಇಡಿ. ಒಬ್ಬರನ್ನೇ ಇಬ್ಬರೆಂದು ಬರೆದಿದ್ದರೆ ಮುಂದೆ ಸೇರಿಸುವುದು ಎರಡು ನಿಮಿಷದ ಕೆಲಸ. ಇಬ್ಬರನ್ನು ಒಬ್ಬರೆಂದು ಸೇರಿಸಿಬಿಟ್ಟರೆ ಯಾವ ಲೇಖನ ಯಾರದು ಎಂದು ಮೂಲ ಪ್ರತಿಗಳನ್ನೆಲ್ಲ ಮತ್ತೆ ತೆಗೆದು ನೋಡಬೇಕು. ಸೇರಿಸಲು ಹೆಸರು ಬಿಟ್ಟು ಇನ್ನೆರಡು ಸ್ವತಂತ್ರ ಆಧಾರ ಬೇಕು: ಹುಟ್ಟಿದ ವರ್ಷ, ತಂದೆಯ ಹೆಸರು, ಊರು, ಕೆಲಸ ಮಾಡಿದ ಸಂಸ್ಥೆ, ಸಹಲೇಖಕರು, ಪ್ರಬಂಧದ ಮಾರ್ಗದರ್ಶಕರು, ಇವುಗಳಲ್ಲಿ ಯಾವುದಾದರೂ ಎರಡು. ವಿಷಯ ಒಂದೇ ಎನ್ನುವುದು ಆಧಾರವಲ್ಲ. ಒಂದೇ ವಿಭಾಗದಲ್ಲಿ ಒಂದೇ ಹೆಸರಿನ ಇಬ್ಬರು ಒಂದೇ ವಿಷಯದಲ್ಲಿ ಕೆಲಸ ಮಾಡುವುದು ನಮ್ಮ ಕಡೆ ಅಪರೂಪವೇನಲ್ಲ.

ಎರಡನೆಯದು ಮೊದಲಕ್ಷರ. ಇಂಗ್ಲಿಷ್ ರೂಢಿಯಂತೆ ಕೊನೆಯ ಪದವೇ ಮನೆತನದ ಹೆಸರು ಎಂದು ಹಿಡಿದರೆ ನಮ್ಮಲ್ಲಿ ಲೆಕ್ಕ ತಪ್ಪುತ್ತದೆ. ಎಸ್. ನಿಜಲಿಂಗಪ್ಪ ಎಂಬಲ್ಲಿ ಎಸ್. ಎಂದರೆ ಸಿದ್ಧವನಹಳ್ಳಿ, ಊರು. ಸಿದ್ಧವನಹಳ್ಳಿ ಕೃಷ್ಣಶರ್ಮರ ಹೆಸರಲ್ಲೂ ಅದೇ ಊರಿದೆ. ಅದರಿಂದ ಇಬ್ಬರೂ ಒಂದು ಮನೆತನದವರಾಗುವುದಿಲ್ಲ. ತ.ರಾ.ಸು. ಅವರ ‘ತ’ ಚಳ್ಳಕೆರೆ ತಾಲ್ಲೂಕಿನ ತಳುಕು, ‘ರಾ’ ತಂದೆ ರಾಮಸ್ವಾಮಯ್ಯ, ‘ಸು’ ಸ್ವಂತ ಹೆಸರು ಸುಬ್ಬರಾವ್. ಟಿ. ಎಸ್. ವೆಂಕಣ್ಣಯ್ಯ ಮತ್ತು ತ. ಸು. ಶಾಮರಾಯ ಅಣ್ಣತಮ್ಮಂದಿರು, ಇಬ್ಬರಿಗೂ ಊರು ಅದೇ ತಳುಕು, ಇಬ್ಬರ ತಂದೆಯೂ ಒಬ್ಬರೇ. ಆದರೆ ಒಂದು ಹೆಸರು ಇಂಗ್ಲಿಷ್ ಮೊದಲಕ್ಷರದಲ್ಲಿ, ಇನ್ನೊಂದು ಕನ್ನಡದಲ್ಲಿ ರೂಢಿಯಾಗಿರುವುದರಿಂದ ಆ ನಂಟು ಸೂಚಿಯಲ್ಲಿ ಕಾಣುವುದಿಲ್ಲ. ಇನ್ನು ಚನ್ನಗಿರಿ ತಾಲ್ಲೂಕಿನ ಜೆ. ಎಚ್. ಪಟೇಲ್: ಜೆ. ಅವರ ಸ್ವಂತ ಹೆಸರು ಜಯದೇವಪ್ಪ, ಎಚ್. ತಂದೆ ಹಾಲಪ್ಪ, ಕೊನೆಯಲ್ಲಿ ಪಟೇಲ್. ತ.ರಾ.ಸು. ಹೆಸರಿಗೆ ಪೂರ್ತಿ ತಿರುಗುಮುರುಗು. ಅದಕ್ಕೇ ಪ್ರತಿ ಮೊದಲಕ್ಷರದ ಪಕ್ಕ ಅದು ಊರೋ, ತಂದೆಯೋ, ಸ್ವಂತ ಹೆಸರೋ, ಮನೆತನವೋ ಎಂದು ಒಂದು ಕಲಂನಲ್ಲಿ ಗುರುತು ಹಾಕಿ. ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಊಹೆ ಬರೆಯಬೇಡಿ.

ಅಕಾರಾದಿಗೆ ಎಎಸಿಆರ್-2 ಸೂಚೀಕರಣ ನಿಯಮ ದಕ್ಷಿಣದ ನಾಲ್ಕು ಭಾಷೆಗಳ ಹೆಸರನ್ನು ಬೇರೆಯಾಗಿಯೇ ನೋಡುತ್ತದೆ: ಮನೆತನದ ಹೆಸರು ಇದ್ದರೆ ಅದರ ಕೆಳಗೆ, ಇಲ್ಲದಿದ್ದರೆ ಸ್ವಂತ ಹೆಸರಿನ ಕೆಳಗೆ. ಹಾಗಾಗಿ ‘ಪಟೇಲ್, ಜೆ. ಎಚ್.’ ಮತ್ತು ‘ನಿಜಲಿಂಗಪ್ಪ, ಎಸ್.’ ಸರಿ. ‘ತ.ರಾ.ಸು.’ ಹಾಗೆಯೇ ಇರಲಿ, ಏಕೆಂದರೆ ಓದುಗ ಹುಡುಕುವುದೇ ಆ ರೂಪವನ್ನು. ‘ಸುಬ್ಬರಾವ್, ಟಿ. ಆರ್.’ ಎಂಬಲ್ಲಿಂದ ‘ನೋಡಿ: ತ.ರಾ.ಸು.’ ಎಂದು ದಾರಿ ತೋರಿಸಿ.

ಮಠಾಧೀಶರ ಹೆಸರಿಗೆ ಪೀಠ ಮತ್ತು ವರ್ಷ ಎರಡೂ ಬೇಕೇಬೇಕು. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯರು (ನಿಧನ 1992) ಮತ್ತು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (ನಿಧನ 2019) ‘ಶಿವಕುಮಾರ ಸ್ವಾಮೀಜಿ’ ಎಂಬ ಒಂದೇ ನಮೂದಿನಲ್ಲಿ ಕೂತರೆ ಅಭಿನಂದನ ಗ್ರಂಥಗಳ ಲೇಖನಗಳೆಲ್ಲ ಕಲಸಿಹೋಗುತ್ತವೆ.

ಖೇತವಾರು

ಕಂದಾಯ ದಾಖಲೆಯ ಬಗ್ಗೆ ಹೇಳುತ್ತೇನೆ. ಅಲ್ಲಿ ಹೆಸರು ಒಂಟಿಯಾಗಿ ಬರುವುದು ಕಡಿಮೆ. ‘ಹಾಲಪ್ಪ ಬಿನ್ ಬಸಪ್ಪ’ ಎಂದರೆ ಬಸಪ್ಪನ ಮಗ, ‘ತಿಪ್ಪಮ್ಮ ಕೋಂ ಓಬಣ್ಣ’ ಎಂದರೆ ಓಬಣ್ಣನ ಹೆಂಡತಿ. ಗಣಕಕ್ಕೆ ಹಾಕುವಾಗ ಬಿನ್, ಕೋಂ ಬಿಟ್ಟುಬಿಡುವವರಿದ್ದಾರೆ. ಬಿಟ್ಟರೆ ‘ಹಾಲಪ್ಪ ಬಸಪ್ಪ’ ಎಂಬ ಇಲ್ಲದ ಮನುಷ್ಯ ಹುಟ್ಟಿಕೊಳ್ಳುತ್ತಾನೆ. ಹಾಗೇ ನಮೂದಿಸಿ. ಹೆಣ್ಣುಮಕ್ಕಳ ಹೆಸರು ಮದುವೆಗೆ ಮೊದಲು ತಂದೆಯ ಜೊತೆ, ಆಮೇಲೆ ಗಂಡನ ಜೊತೆ ಬರುವುದರಿಂದ ಒಬ್ಬಳೇ ಎರಡು ಕಡೆ ಇರುತ್ತಾಳೆ. ಎರಡನ್ನೂ ಜೋಡಿಸಲು ವಿಭಾಗ ಪತ್ರ, ದಾನಪತ್ರ ಅಥವಾ ಪೌತಿ ಖಾತೆಯ (ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರಿಗೆ ಆಗುವ ಖಾತೆ) ಮುಟೇಶನ್, ಅಂದರೆ ಹಕ್ಕು ಬದಲಾವಣೆಯ ನಮೂದು ಬೇಕು.

ಹೆಸರಿಗಿಂತ ಗಟ್ಟಿಯಾದ ಆಧಾರ ಸರ್ವೆ ನಂಬರು. ಜಮೀನು ಭಾಗವಾದರೆ 45 ಎಂಬುದು 45/1, 45/2 ಎಂದು ಹಿಸ್ಸೆಯಾಗುತ್ತದೆ, ಮೂಲ ಸಂಖ್ಯೆ ಉಳಿಯುತ್ತದೆ. ಗ್ರಾಮ, ಸರ್ವೆ ನಂಬರು, ಹಿಸ್ಸೆ ಹಿಡಿದು ಪಹಣಿಯಿಂದ ಹಿಂದಕ್ಕೆ ಮುಟೇಶನ್ ರಿಜಿಸ್ಟರ್, ರೆಕಾರ್ಡ್ ಆಫ್ ರೈಟ್ಸ್, ಇಂಡೆಕ್ಸ್ ಆಫ್ ಲ್ಯಾಂಡ್ಸ್ ಹೀಗೆ ಹೋದರೆ ಅಜ್ಜ ಯಾರು, ಅದೇ ಹೆಸರಿನ ಮೊಮ್ಮಗ ಯಾರು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಪದ್ಧತಿ ಇರುವ ಮನೆಗಳಲ್ಲಿ ‘ಬಸಪ್ಪ ಬಿನ್ ಹಾಲಪ್ಪ’ ತಲೆಮಾರು ಬಿಟ್ಟು ತಲೆಮಾರು ಮತ್ತೆ ಬರುತ್ತದೆ. ಅಲ್ಲಿ ವರ್ಷ ಬರೆಯದ ನಮೂದಿಗೆ ಬೆಲೆಯೇ ಇಲ್ಲ.

ಇನ್ನೊಂದು: ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರದು. ಅದಕ್ಕೂ ಹಿಂದಿನ ಕಾಗದದಲ್ಲಿ ಪಟೇಲ, ಶಾನುಭೋಗ ಎಂದಿದ್ದರೆ ಅದು ಹುದ್ದೆ ಇರಬಹುದು. ಅದನ್ನು ಹೆಸರಿನ ಕಲಂಗೆ ಹಾಕಬೇಡಿ, ‘ಹುದ್ದೆ’ ಎಂಬ ಬೇರೆ ಕಲಂ ಮಾಡಿ. ‘ನಾಯಕ’ ಇನ್ನೂ ಕಷ್ಟ. ಪಾಳೆಯಗಾರರ ಬಿರುದು, ವಾಲ್ಮೀಕಿ ನಾಯಕ ಸಮುದಾಯದ ಹೆಸರು, ಲಂಬಾಣಿ ತಾಂಡಾದ ಮುಖಂಡನಾದ ನಾಯ್ಕ, ಉತ್ತರ ಕನ್ನಡದಿಂದ ಬಂದವರ ನಾಯಕ್, ಎಲ್ಲವೂ ಇಂಗ್ಲಿಷಿಗೆ ಹೋಗಿ ಬಂದರೆ ಒಂದೇ ಕಾಗುಣಿತ ಆಗಿಬಿಡುತ್ತವೆ. ಕನ್ನಡ ಮೂಲ ಸಿಕ್ಕರೆ ಅದರ ಕಾಗುಣಿತವನ್ನೇ ಉಳಿಸಿ. ಹೆಸರು ನೋಡಿ ಸಮುದಾಯ ಊಹಿಸುವ ಕೆಲಸ ಮಾತ್ರ ಬೇಡವೇ ಬೇಡ.

ಜಿಲ್ಲೆಯನ್ನು ನಂಬಿ ಇಬ್ಬರನ್ನು ಬೇರೆ ಮಾಡಬೇಡಿ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲು ಹರಿಹರ, ಜಗಳೂರು ಚಿತ್ರದುರ್ಗಕ್ಕೆ, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ ಸೇರಿದ್ದವು. ಹೊನ್ನಾಳಿಯಲ್ಲಿ ಹುಟ್ಟಿದ ವಿದ್ವಾಂಸ ಎಚ್. ತಿಪ್ಪೇರುದ್ರಸ್ವಾಮಿ ಅವರನ್ನು ಹಳೆಯ ಪರಿಚಯಗಳು ಶಿವಮೊಗ್ಗ ಜಿಲ್ಲೆಯವರು ಎನ್ನುತ್ತವೆ, ಈಗಿನ ಲೆಕ್ಕಕ್ಕೆ ದಾವಣಗೆರೆ. ಹರಪನಹಳ್ಳಿಯದು ಮತ್ತೂ ಉದ್ದ: ಬಳ್ಳಾರಿಯ ಜೊತೆ 1953ರವರೆಗೆ ಮದ್ರಾಸಿನಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಬಂತು, 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆ. ಗ್ರಾಮ ಮತ್ತು ತಾಲ್ಲೂಕು ಬರೆಯಿರಿ, ಜಿಲ್ಲೆಯ ಜೊತೆ ವರ್ಷ ಹಾಕಿ.

ಕಲಂ_ಸಾಲು

ಎಕ್ಸೆಲ್ ಭಾಗ ನನಗೆ ಬಿಡಿ. ನುಡಿ ಫಾಂಟಿನ ಹಳೆಯ ಸಾಲುಗಳನ್ನು ಮೊದಲು ಯೂನಿಕೋಡ್‌ಗೆ ತನ್ನಿ. ಪರಿವರ್ತಕ ಎಡವುವುದು ಹೆಚ್ಚಾಗಿ ಅರ್ಕಾವೊತ್ತಿನಲ್ಲಿ: ಮೂರ್ತಿ, ಮಲ್ಲಿಕಾರ್ಜುನ, ಚಂದ್ರಮೌರ್ಯ ಇಂಥ ಹೆಸರುಗಳನ್ನು ಕಣ್ಣಿಂದಲೇ ನೋಡಿ.

ಆಮೇಲೆ ಒಂದು ಕಾಣದ ತೊಂದರೆ ಇದೆ. ‘ತಿಪ್ಪೇಸ್ವಾಮಿ’ಯ ‘ಪ್ಪೇ’ಯಲ್ಲಿರುವ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘ ಎಂದು ಎರಡು ಸಂಕೇತವಾಗಿಯೂ ಇಡಬಹುದು. ‘ಪಾಟೀಲ’ದ ‘ಟೀ’ಗೂ ಇದೇ ಮಾತು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹುಡುಕಿದರೆ ಒಂದು ಮಾತ್ರ ಸಿಗುತ್ತದೆ. ಇಡೀ ಕಲಂ ಅನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಎರಡು ಸಂಕೇತ ಕೂಡಿ ಒಂದಾಗುವ ರೂಪಕ್ಕೆ, ತಂದರೆ ಸರಿಹೋಗುತ್ತದೆ. ಪೈಥಾನ್‌ನಲ್ಲಿ ಒಂದೇ ಸಾಲಿನ ಆಜ್ಞೆ. ‘ಪಾಟೀಲ್’ ಎಂಬಂತೆ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಕಾಣದ ಜೋಡಣೆ-ತಡೆ ಸಂಕೇತವೂ (ZWNJ) ಅಂಟಿಕೊಂಡಿರಬಹುದು. ಅದು ಎನ್‌ಎಫ್‌ಸಿಯಿಂದ ಹೋಗುವುದಿಲ್ಲ, ಬೇರೆಯಾಗಿ ತೆಗೆಯಬೇಕು. ಹೋಲಿಸುವುದಕ್ಕೆಂದು ಮಾಡಿದ ಪ್ರತಿಯಲ್ಲಿ ಮಾತ್ರ ತೆಗೆಯಿರಿ, ಮೂಲ ಕಲಂ ಮುಟ್ಟಬೇಡಿ.

ಹೋಲುವ ಹೆಸರುಗಳನ್ನು ಗುಂಪು ಮಾಡುವ ತಂತ್ರಾಂಶವಾಗಿ ಓಪನ್‌ರಿಫೈನ್ ಒಳ್ಳೆಯದು, ಆದರೆ ಅದರ ಫಿಂಗರ್‌ಪ್ರಿಂಟ್ ವಿಧಾನ ನಮ್ಮ ಹೆಸರುಗಳಿಗೆ ಅಪಾಯ. ಅದು ಚುಕ್ಕೆ ತೆಗೆದು, ಪದಗಳನ್ನು ಬಿಡಿಸಿ, ಅಕಾರಾದಿಯಲ್ಲಿ ಜೋಡಿಸುತ್ತದೆ. ಹೀಗಾಗಿ ‘ಕೆ. ಎಸ್. ಬಸವರಾಜ’ ಮತ್ತು ‘ಎಸ್. ಕೆ. ಬಸವರಾಜ’ ಒಬ್ಬರೇ ಆಗಿಬಿಡುತ್ತಾರೆ. ಅದೇ ಹೊತ್ತಿಗೆ ನಡುವೆ ಜಾಗ ಬಿಡದ ‘ಕೆ.ಎಸ್. ಬಸವರಾಜ’ ಬೇರೆ ಗುಂಪಿಗೆ ಹೋಗುತ್ತಾರೆ. ಮೊದಲು ಎಲ್ಲ ಚುಕ್ಕೆಗಳ ನಂತರ ಒಂದು ಜಾಗ ಬರುವಂತೆ ಮಾಡಿ, ಮೊದಲಕ್ಷರಗಳನ್ನು ಬೇರೆ ಕಲಂಗೆ ಒಯ್ದು, ಉಳಿದ ಹೆಸರಿನ ಮೇಲಷ್ಟೇ ಗುಂಪು ಮಾಡಿಸಿ. ‘ಎಲ್ಲವನ್ನೂ ಸೇರಿಸು’ ಗುಂಡಿ ಒತ್ತಬೇಡಿ.

ಎರಡು ಹಾಳೆ ಇಡಿ: ಒಂದರಲ್ಲಿ ದಾಖಲೆಯಲ್ಲಿ ಇದ್ದಂತೆ ಪ್ರತಿ ಹೆಸರು, ಇನ್ನೊಂದರಲ್ಲಿ ವ್ಯಕ್ತಿಗಳು. ವ್ಯಕ್ತಿಗೆ ಅರ್ಥವಿಲ್ಲದ ಕ್ರಮಸಂಖ್ಯೆ ಕೊಡಿ. ಹೆಸರನ್ನೋ ಊರನ್ನೋ ಸಂಖ್ಯೆಯಲ್ಲಿ ಹೊಂದಿಸಿದರೆ ತಿದ್ದುಪಡಿ ಬಂದಾಗ ಸಂಖ್ಯೆಯೇ ಸುಳ್ಳಾಗುತ್ತದೆ. ಇಬ್ಬರನ್ನು ಸೇರಿಸಿದ ಮೇಲೆ ಬಿಟ್ಟ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡಬೇಡಿ, ‘ಈಗ ಇಂಥ ಸಂಖ್ಯೆ ನೋಡಿ’ ಎಂದು ಉಳಿಸಿ.

ಕೋಟೆ_ಸೂಚಿ (ಚಿತ್ರದುರ್ಗ)

ತುಂಬಾ ಉಪಕಾರವಾಯಿತು. ಬಿನ್, ಕೋಂ ಎರಡೂ ನಮ್ಮ ಹಾಳೆಯಲ್ಲಿ ಬಿಟ್ಟುಹೋಗಿವೆ, ಮತ್ತೆ ಸೇರಿಸಬೇಕು. ಮದಕರಿ ನಾಯಕರನ್ನು ಹೇಗೆ ನಮೂದಿಸುವುದು? ಲೇಖನಗಳಲ್ಲಿ ಬರೀ ‘ಮದಕರಿ’ ಎಂದಿರುತ್ತದೆ.

ಶಾಸನ_ಓದುಗ

ಮೇಲಿನ ನಿಯಮವೇ ಇಲ್ಲಿಗೂ: ಯಾರೆಂದು ಖಚಿತವಾಗುವವರೆಗೆ ‘ಮದಕರಿ ನಾಯಕ (ಗುರುತಿಸಿಲ್ಲ)’ ಎಂಬ ನಮೂದಿಗೇ ಕಟ್ಟಿ. ಹೆಚ್ಚು ಗೊಂದಲ ಆಗುವುದು ಇಬ್ಬರ ನಡುವೆ. ಹಿರಿಯ ಮದಕರಿ ನಾಯಕ 1721ರಿಂದ ಆಳಿ 1748ರಲ್ಲಿ ಮಾಯಕೊಂಡದ ಕಾಳಗದಲ್ಲಿ ತೀರಿಕೊಂಡವರು. ಕೊನೆಯ ಮದಕರಿ ನಾಯಕ 1754ರಿಂದ 1779ರವರೆಗೆ, ಹೈದರಾಲಿ ಕೋಟೆ ಹಿಡಿದವರೆಗೆ ಆಳಿದವರು. ನಡುವೆ 1748ರಿಂದ 1754 ಕಸ್ತೂರಿ ರಂಗಪ್ಪ ನಾಯಕರದು, ಆ ಹೆಸರಿನವರೂ ಒಬ್ಬರೇ ಅಲ್ಲ. ಅದಕ್ಕೇ ಹೆಸರಿನ ಜೊತೆ ಆಳಿದ ವರ್ಷ ಹಾಕಿ. ‘ಒಂದನೇ’, ‘ಎರಡನೇ’ ಎಂಬ ಎಣಿಕೆಯನ್ನು ಲೇಖಕರು ಒಬ್ಬೊಬ್ಬರು ಒಂದೊಂದು ಥರ ಮಾಡುತ್ತಾರೆ, ಅದರ ಮೇಲೆ ನಿಲ್ಲಬೇಡಿ.

ಕಾಗದದಲ್ಲಿ ಶಕವರ್ಷ ಇಲ್ಲದೆ ಸಂವತ್ಸರ ಮಾತ್ರ ಇದ್ದರೂ ಉಪಯೋಗವಿದೆ. 1721ರಿಂದ 1779ಕ್ಕೆ 58 ವರ್ಷ, ಸಂವತ್ಸರ ಚಕ್ರ 60 ವರ್ಷದ್ದು. ಹಾಗಾಗಿ ಈ ಇಬ್ಬರಲ್ಲೇ ಒಬ್ಬರು ಎಂದು ಬೇರೆ ಆಧಾರದಿಂದ ಗೊತ್ತಿದ್ದರೆ ಸಂವತ್ಸರದ ಹೆಸರೊಂದೇ ಸಾಕು. ಗೊತ್ತಿಲ್ಲದಿದ್ದರೆ ಸಾಲದು, ಏಕೆಂದರೆ 17ನೇ ಶತಮಾನದಲ್ಲೂ ಈ ಹೆಸರಿನವರು ಆಳಿದ್ದಾರೆ. ವಿಭವ ಎಂದರೆ 1748–49 ಆಗಬಹುದು, 1688–89 ಕೂಡ ಆಗಬಹುದು. ಯುಗಾದಿಗೆ ಸಂವತ್ಸರ ಬದಲಾಗುವುದರಿಂದ ಮಾಘ, ಫಾಲ್ಗುಣದ ತಿಥಿ ಇದ್ದರೆ ಇಸವಿ ಮುಂದಿನದಕ್ಕೆ ಜಾರುತ್ತದೆ, ನೋಡಿಕೊಳ್ಳಿ.

ಶಾಸನ ಉಲ್ಲೇಖಿಸುವಾಗ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯ ಕರ್ನಾಟಿಕದ ಹಳೆಯ ಆವೃತ್ತಿಯೋ ಪರಿಷ್ಕೃತ ಆವೃತ್ತಿಯೋ ಬರೆಯಿರಿ, ಸಂಪುಟದ ಸಂಖ್ಯೆಗಳು ಬೇರೆ ಬೇರೆ. ಬಿ. ಎಲ್. ರೈಸ್ ಸಂಪಾದಿಸಿದ ಹಳೆಯ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಅದರಲ್ಲಿ ಹರಿಹರದ ಶಾಸನಗಳು ದಾವಣಗೆರೆ ತಾಲ್ಲೂಕಿನ ಸಂಖ್ಯೆಗಳಲ್ಲಿ ಸಿಗುತ್ತವೆ.

ಸಂಶೋಧನ_ಸಂಖ್ಯೆ

ಉಳಿದ ಪ್ರಶ್ನೆಗೆ: ಆರ್ಕಿಡ್ 16 ಅಂಕಿಗಳದು, ವ್ಯಕ್ತಿ ತಾನೇ ನೋಂದಾಯಿಸಿಕೊಳ್ಳಬೇಕು, ಶುರುವಾದದ್ದು 2012ರಲ್ಲಿ. ಅದಕ್ಕೆ ಮೊದಲೇ ತೀರಿಕೊಂಡವರಿಗೆ ಇರುವುದಿಲ್ಲ. ಅಂಥವರಿಗೆ ಇಂಥದೇ ಗುರುತು ಸಂಖ್ಯೆ ಸಿಗುವ ವಯಾಫ್ (VIAF), ಐಎಸ್‌ಎನ್‌ಐ, ವಿಕಿಡೇಟಾ ನೋಡಿ. ವಯಾಫ್ ಬೇರೆ ಬೇರೆ ಗ್ರಂಥಾಲಯಗಳ ಕಡತಗಳನ್ನು ತಂತ್ರಾಂಶದಿಂದ ಗುಂಪು ಮಾಡುವುದರಿಂದ ಅಲ್ಲೂ ಇಬ್ಬರು ಒಂದಾಗಿರುವುದುಂಟು. ಸಂಖ್ಯೆ ತೆಗೆದುಕೊಳ್ಳುವ ಮೊದಲು ಒಳಗಿರುವ ಕೃತಿಗಳ ಪಟ್ಟಿ ಓದಿ. ಬದುಕಿರುವವರಿಗೆ ಇನ್‌ಫ್ಲಿಬ್‌ನೆಟ್‌ನ ವಿದ್ವಾನ್ ಎಂಬ ಸಂಶೋಧಕರ ಪಟ್ಟಿಯೂ ಇದೆ.

ಪಿಎಚ್‌.ಡಿ. ಪ್ರಬಂಧಗಳಿಗೆ ಅವುಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಮಾರ್ಗದರ್ಶಕರ ಹೆಸರು ಸಿಗುತ್ತದೆ, ಹೆಸರಿಗಿಂತ ಹೆಚ್ಚು ನೆರವಾಗುವುದು ಅದೇ. ದಾವಣಗೆರೆ ವಿಶ್ವವಿದ್ಯಾನಿಲಯ ಆದದ್ದು 2009ರಲ್ಲಿ, ಅದಕ್ಕೆ ಮೊದಲು ಅಲ್ಲಿದ್ದದ್ದು ಕುವೆಂಪು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ. ಅದೇ ಅಧ್ಯಾಪಕರ ವಿಳಾಸ ಎರಡು ಥರ ಇದ್ದರೆ ಇಬ್ಬರೆಂದು ಎಣಿಸಬೇಡಿ.

ವೈದ್ಯಕೀಯ ಲೇಖನಗಳಿದ್ದರೆ ಪಬ್‌ಮೆಡ್‌ನಲ್ಲಿ ಲೇಖಕರ ಪೂರ್ಣ ಹೆಸರು ಸಿಗುವುದು 2002ರಿಂದ ಈಚಿನವಕ್ಕೆ. ಅದಕ್ಕೆ ಹಿಂದಿನವಕ್ಕೆ ಕೊನೆಯ ಹೆಸರು ಮತ್ತು ಹೆಚ್ಚೆಂದರೆ ಎರಡು ಮೊದಲಕ್ಷರ. ಮೂರು ಮೊದಲಕ್ಷರದವರ ಮೂರನೆಯದು ಅಲ್ಲಿ ಬಿದ್ದುಹೋಗಿರುತ್ತದೆ, ಪತ್ರಿಕೆಯ ಪುಟ ತೆಗೆದೇ ನೋಡಬೇಕು.

ಉಲ್ಲೇಖ ಪಟ್ಟಿ ಮಾಡುವ ತಂತ್ರಾಂಶಗಳಲ್ಲಿ ಒಂದು ಎಚ್ಚರ. ಬಿಬ್‌ಟೆಕ್‌ಗೆ ‘ತಿಪ್ಪೇಸ್ವಾಮಿ ಎಂ.’ ಎಂದು ಕೊಟ್ಟರೆ ಅದು ‘ಎಂ.’ ಎಂಬುದನ್ನೇ ಮನೆತನದ ಹೆಸರು ಎಂದು ಓದಿ ಮಕಾರಕ್ಕೆ ಜೋಡಿಸುತ್ತದೆ. ‘ತಿಪ್ಪೇಸ್ವಾಮಿ, ಎಂ.’ ಎಂದು ಅಲ್ಪವಿರಾಮ ಹಾಕಿ. ಜೊಟೆರೊದಲ್ಲಿ ತ.ರಾ.ಸು. ಥರದ ಹೆಸರಿಗೆ ಲೇಖಕರ ಪಕ್ಕದ ಗುಂಡಿ ಒತ್ತಿ ಒಂದೇ ಖಾನೆಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಅದು ಹೆಸರನ್ನು ಮುರಿದು ತಿರುಗಿಸಿಬಿಡುತ್ತದೆ.