ಕೊರಿಯಾದ ಮಕ್ಕಳಿಗೆ ಇಂಗ್ಲಿಷ್ ಪಾಠ, ಹೇಗಿರುತ್ತೆ?

ಪ್ರಶ್ನೆ: ನಾನು ಟೊರೊಂಟೊದಲ್ಲಿ ಬೆಳೆದವಳು, ಕೆನಡಾ ಪಾಸ್‌ಪೋರ್ಟ್ ಇದೆ. ಬುಸಾನ್‌ನ ಒಂದು ಹಾಗ್ವಾನ್‌ನಲ್ಲಿ, ಅಂದರೆ ಅಲ್ಲಿನ ಟ್ಯೂಷನ್ ಸೆಂಟರ್‌ನಲ್ಲಿ, ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿದೆ. ಮಕ್ಕಳು ಹೇಗೆ? ಇದ್ದದ್ದು ಇದ್ದ ಹಾಗೆ ಹೇಳಿ.

ಉತ್ತರ 1: ಮಕ್ಕಳು ಬಂಗಾರ, ಆದರೆ ಪಾಪ, ಸುಸ್ತಾಗಿರುತ್ತಾರೆ. ಶಾಲೆ ಮುಗಿಸಿ, ಗಣಿತದ ಹಾಗ್ವಾನ್ ಮುಗಿಸಿ, ಆಮೇಲೆ ನಮ್ಮ ಹತ್ತಿರ ಬರುತ್ತಾರೆ. ನನ್ನ ಕ್ಲಾಸಿನ ಒಬ್ಬ ಹುಡುಗ ಪೆನ್ಸಿಲ್ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದ, ಎಬ್ಬಿಸೋಕೆ ಮನಸ್ಸೇ ಬರುತ್ತಿರಲಿಲ್ಲ. ರಾಜಧಾನಿ ಸೋಲ್‌ನಲ್ಲಿ ರಾತ್ರಿ 10ಕ್ಕೆ ಹಾಗ್ವಾನ್ ಮುಚ್ಚಬೇಕು ಅಂತ ನಿಯಮವೇ ಮಾಡಿದ್ದಾರೆ ಅಂದರೆ ನೀವೇ ಲೆಕ್ಕ ಹಾಕಿ.

ಉತ್ತರ 2: ಚಿಕ್ಕವರ ಕಥೆ ಬೇರೆ. ಬಾಗಿಲಲ್ಲೇ ಕೈಗೆ ಜೋತುಬೀಳುತ್ತಾರೆ, ಬೆವರಿದ ಮುಷ್ಟಿಯಿಂದ ಅಂಟಂಟು ಮಿಠಾಯಿ ತೆಗೆದು ಎರಡೂ ಕೈಯಲ್ಲಿ ಕೊಡುತ್ತಾರೆ. ತಿನ್ನಲೇಬೇಕು! ನನ್ನ ಬಣ್ಣ ನೋಡಿ ‘ನೀವು ನಿಜವಾಗಲೂ ಕೆನಡಾದವರಾ?’ ಅಂತ ಕೇಳಿದಾಗ ಮಾತ್ರ ಚುರುಕ್ ಅಂತು. ಮಕ್ಕಳು ಸುಮ್ನೆ ಕೇಳುತ್ತಾರೆ, ಆದರೆ ಅದೇ ಪ್ರಶ್ನೆ ಅಪ್ಪ ಅಮ್ಮಂದಿರು ಆಫೀಸಿನಲ್ಲಿ ಕೇಳಿದ್ದು ಜಾಸ್ತಿ ನೋವಾಯಿತು.

ಉತ್ತರ 1: ಹೌದು, ಮಕ್ಕಳ ಮೇಲೆ ಸಿಟ್ಟು ಬರಲ್ಲ. ನವೆಂಬರ್‌ನ ಸುನುಂಗ್, ಅಂದರೆ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ, ಇಂಗ್ಲಿಷ್ ಕೇಳಿಸುವ ಹೊತ್ತಿಗೆ ಸದ್ದಾಗಬಾರದು ಅಂತ ವಿಮಾನಗಳನ್ನೇ ತಡೆಯುವ ದೇಶ ಅದು, ಒತ್ತಡ ಅಲ್ಲಿಂದಲೇ ಶುರು ಅಲ್ವಾ?

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಮಿಠಾಯಿಗಾದರೂ ಹೋಗ್ತೀನಿ.